ಹೊಲ ಇಡಿಯಾಗಿ ಉಳಿಯಿತು, ಮಕ್ಕಳು ಹಡಗು ಹತ್ತಿದರು: ಐರ್ಲೆಂಡಿನ ಟೌನ್‌ಲ್ಯಾಂಡ್‌ಗಳ ಕಥೆ

(ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಐರ್ಲೆಂಡ್ ಅಂದ ಕೂಡಲೇ ನಮ್ಮಲ್ಲಿ ಬಹಳ ಜನಕ್ಕೆ ನೆನಪಾಗುವುದು ಆಲೂಗಡ್ಡೆ ಬರಗಾಲ. ಬೆಳೆಗೆ ರೋಗ ಬಂತು, ಜನ ಸತ್ತರು, ಉಳಿದವರು ಅಮೆರಿಕಕ್ಕೆ ಹೋದರು. ಕಥೆ ಅಲ್ಲಿಗೆ ಮುಗಿಯುತ್ತದೆ. ಆದರೆ ಲೆಕ್ಕ ನೋಡಿದರೆ ಮುಗಿಯುವುದಿಲ್ಲ. 1841ರ ಜನಗಣತಿಯಲ್ಲಿ ಆ ದ್ವೀಪದಲ್ಲಿ ಸುಮಾರು 81.75 ಲಕ್ಷ ಜನ ಇದ್ದರು. ಬರ ಕಳೆದ 1851ಕ್ಕೆ 65.5 ಲಕ್ಷ. ಇಲ್ಲಿಯವರೆಗೂ ಅರ್ಥವಾಗುತ್ತದೆ. 1911ಕ್ಕೆ ಬಂದರೆ ಸುಮಾರು 43.9 ಲಕ್ಷ! ಬರ ಹೋಗಿ 60 ವರ್ಷ ಆಗಿದೆ, ಊಟಕ್ಕೆ ಕೊರತೆ ಮೊದಲಿನಷ್ಟಿಲ್ಲ, ಗೇಣಿದಾರರ ಕೈಗೆ ಜಮೀನೂ ಬರತೊಡಗಿದೆ. ಆದರೂ ಹಳ್ಳಿಗಳು ಬರಿದಾಗುತ್ತಲೇ ಹೋದವು. ಯಾಕೆ?

ಉತ್ತರ ಹುಡುಕಬೇಕಾದದ್ದು ರಾಜಧಾನಿಯಲ್ಲಲ್ಲ, ಟೌನ್‌ಲ್ಯಾಂಡಿನಲ್ಲಿ. ಒಂದು ಮನೆಯವರು ತಮ್ಮ ಹೊಲವನ್ನು ಮಕ್ಕಳಿಗೆ ಹೇಗೆ ಕೊಟ್ಟರು ಅನ್ನುವುದರಲ್ಲಿ.

ಟೌನ್‌ಲ್ಯಾಂಡ್ ಅಂದರೆ ಪಟ್ಟಣ ಅಂದುಕೊಳ್ಳಬೇಡಿ. ಅಲ್ಲಿ ಅಂಗಡಿ ಇರಬೇಕೆಂದಿಲ್ಲ, ಚರ್ಚ್ ಇರಬೇಕೆಂದಿಲ್ಲ. ಎಷ್ಟೋ ಕಡೆ ಒಂದು ಮನೆಯೂ ಇಲ್ಲ. ಹಳ್ಳ, ಬೇಲಿ, ಕೆಸರು ಭೂಮಿಯ ಅಂಚು, ಗುಡ್ಡದ ಏಣು, ಇವನ್ನೇ ಗಡಿ ಮಾಡಿಕೊಂಡ ನೆಲ. ಅದಕ್ಕೊಂದು ಹೆಸರು. ಇಡೀ ದ್ವೀಪದಲ್ಲಿ ಇಂಥವು 60,000ಕ್ಕೂ ಜಾಸ್ತಿ ಇವೆ. ಟೈರೋನ್ ಕೌಂಟಿಯಲ್ಲಿ (ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ) ಒಂದು ಟೌನ್‌ಲ್ಯಾಂಡ್ ಮುಕ್ಕಾಲು ಎಕರೆಯೂ ಇಲ್ಲ, ಹಳೆಯ ಸ್ಮಶಾನ ಅದು. ಗಾಲ್ವೆಯಲ್ಲಿ ಒಂದು 7,000 ಎಕರೆ ದಾಟುತ್ತದೆ. ಎಷ್ಟೋ ಗಡಿಗಳು 12ನೇ ಶತಮಾನದಲ್ಲಿ ನಾರ್ಮನ್ನರು ಇಂಗ್ಲೆಂಡಿನ ಕಡೆಯಿಂದ ದಂಡೆತ್ತಿ ಬರುವುದಕ್ಕೂ ಮೊದಲಿನವು. ರಾಜರು ಬಂದರು, ಹೋದರು, ಭಾಷೆ ಬದಲಾಯಿತು, ಗಡಿ ಮಾತ್ರ ಅಲ್ಲೇ ಇದೆ.

ಈ ಗಡಿಗಳನ್ನು ಒಂದೂ ಬಿಡದೆ ನಕ್ಷೆಗೆ ಇಳಿಸಿದ್ದು ಬ್ರಿಟಿಷ್ ಸೈನ್ಯದ ಸರ್ವೆಯವರು. 1824ರಲ್ಲಿ ಥಾಮಸ್ ಕಾಲ್ಬಿ ಅನ್ನುವ ಅಧಿಕಾರಿಯ ಕೈಕೆಳಗೆ ಕೆಲಸ ಶುರುವಾಯಿತು. ಒಂದು ಮೈಲಿಗೆ ಆರು ಇಂಚಿನ ಅಳತೆ. 1846ರ ಹೊತ್ತಿಗೆ ಇಡೀ ದೇಶದ ನಕ್ಷೆ ಅಚ್ಚಾಗಿತ್ತು. ಜಾನ್ ಓ'ಡೊನೊವನ್ ಅನ್ನುವ ವಿದ್ವಾಂಸ ಊರೂರು ಅಲೆದು, ಮುದುಕರನ್ನು ಮಾತಾಡಿಸಿ, ಹೆಸರುಗಳನ್ನು ಕೇಳಿ ಬರೆದುಕೊಂಡರು. ಆದರೆ ಯಾವ ಸರ್ಕಾರವೂ ಸುಮ್ನೆ ನಕ್ಷೆ ಬರೆಸುವುದಿಲ್ಲ, ಅಲ್ವಾ? ಕಂದಾಯ ಹಾಕಬೇಕಿತ್ತು. ನಕ್ಷೆಯ ಬೆನ್ನಿಗೇ ರಿಚರ್ಡ್ ಗ್ರಿಫಿತ್ ಎಂಬುವರ ಮೌಲ್ಯಮಾಪನ ಬಂತು. 1847ರಿಂದ 1864ರವರೆಗೆ ಪುಸ್ತಕಗಳು ಹೊರಬಂದವು. ನಮ್ಮ ಪಹಣಿ ನೋಡಿದವರಿಗೆ ಇದು ಹೊಸದಲ್ಲ. ಸ್ವಾಧೀನದಲ್ಲಿ ಇರುವವನು ಯಾರು, ಅವನಿಗೆ ಗೇಣಿಗೆ ಕೊಟ್ಟವನು ಯಾರು, ಮನೆಯೋ ಕೊಟ್ಟಿಗೆಯೋ ಬರೀ ಹೊಲವೋ, ವಿಸ್ತೀರ್ಣ ಎಷ್ಟು, ವರ್ಷದ ಬೆಲೆ ಎಷ್ಟು. ಸಾಲುಸಾಲಾಗಿ ಒಕ್ಕಲುಗಳ ಹೆಸರು ಬೇರೆ ಬೇರೆ, 'ಗೇಣಿಗೆ ಕೊಟ್ಟವರು' ಅನ್ನುವ ಕಾಲಂನಲ್ಲಿ ಮಾತ್ರ ಮೇಲಿಂದ ಕೆಳಗೆ ಒಂದೇ ಹೆಸರು. ಆ ಪುಟ ನೋಡಿದರೆ ಸಾಕು, ಊರು ಯಾರದ್ದು ಅಂತ ಗೊತ್ತಾಗುತ್ತದೆ.

ಈಗ ಬರಕ್ಕೆ ಮುಂಚಿನ ಕಾಲಕ್ಕೆ ಹೋಗೋಣ. ಪಶ್ಚಿಮದ ಬಡ ಕೌಂಟಿಗಳಲ್ಲಿ, ಅಂದರೆ ಡೊನೆಗಲ್, ಮೇಯೋ, ಗಾಲ್ವೆ ಕಡೆ, ರಂಡೇಲ್ ಅನ್ನುವ ಪದ್ಧತಿ ಇತ್ತು. ಹತ್ತಿಪ್ಪತ್ತು ಮನೆ ಸೇರಿ ಜಮೀನನ್ನು ಒಟ್ಟಿಗೆ ಗೇಣಿಗೆ ಹಿಡಿಯುವುದು. ಮನೆಗಳೆಲ್ಲ ಒಂದೇ ಕಡೆ ಗುಂಪಾಗಿ, ಬೀದಿ ಅನ್ನುವ ಲೆಕ್ಕವಿಲ್ಲದೆ, ಒಂದರ ಬೆನ್ನಿಗೆ ಒಂದು. ಸುತ್ತ ಒಳ್ಳೆಯ ನೆಲ, ಅದರಲ್ಲಿ ಎಲ್ಲರಿಗೂ ಪಾಲು. ಪಾಲು ಅಂದರೆ ಒಂದೇ ಕಡೆ ಅಲ್ಲ. ಫಲವತ್ತಾದ ಜಾಗದಲ್ಲಿ ಒಂದು ಪಟ್ಟಿ, ಜೌಗಿನಲ್ಲಿ ಒಂದು, ಕಲ್ಲಿನ ಕಡೆ ಒಂದು. ಒಳ್ಳೆಯದೂ ಕೆಟ್ಟದ್ದೂ ಎಲ್ಲರಿಗೂ ಬರಬೇಕು ಅನ್ನುವ ನ್ಯಾಯ. ಕೆಲವು ಕಡೆ ಆಗಾಗ ಚೀಟಿ ಎತ್ತಿ ಪಟ್ಟಿಗಳನ್ನು ಬದಲಾಯಿಸುತ್ತಿದ್ದರು. ಮೇಲಿನ ಗುಡ್ಡ ಎಲ್ಲರದ್ದು. ಅಲ್ಲಿ ಯಾರು ಎಷ್ಟು ದನ ಬಿಡಬಹುದು ಅನ್ನುವುದಕ್ಕೂ ಲೆಕ್ಕ ಇತ್ತು. ಒಂದು ಹಸುವಿಗೆ ಒಂದು ಪಾಲು, ಕುದುರೆಗೆ ಜಾಸ್ತಿ, ಕುರಿಯಾದರೆ ಹಲವು ಸೇರಿ ಒಂದು ಪಾಲು. ಬೇಸಿಗೆಯಲ್ಲಿ ಹುಡುಗಿಯರು ದನ ಹೊಡೆದುಕೊಂಡು ಗುಡ್ಡಕ್ಕೆ ಹೋಗಿ, ಗುಡಿಸಲಲ್ಲಿ ಉಳಿದು, ಬೆಣ್ಣೆ ಕಡೆದು, ಸುಗ್ಗಿಯ ಹೊತ್ತಿಗೆ ಇಳಿದು ಬರುತ್ತಿದ್ದರು.

ಮಗ ಮದುವೆಯಾದರೆ ಅವನಿಗೂ ಒಂದು ಪಾಲು, ಅವನ ಮಗನಿಗೂ ಒಂದು. ಹೊಲ ಸಣ್ಣದಾಗುತ್ತಾ ಹೋಯಿತು. ಇದನ್ನು ತಡೆದುಕೊಳ್ಳುವ ಬೆಳೆ ಒಂದೇ, ಆಲೂಗಡ್ಡೆ. ಕೂಲಿ ಮಾಡುವ ಒಬ್ಬ ಗಂಡಸು ದಿನಕ್ಕೆ ಐದಾರು ಕೆಜಿ ಆಲೂಗಡ್ಡೆ ತಿನ್ನುತ್ತಿದ್ದ ಅಂದರೆ ನಂಬುತ್ತೀರಾ? ಜೊತೆಗೆ ಮಜ್ಜಿಗೆ. ಒಂದು ಎಕರೆಯಲ್ಲಿ ಒಂದು ಸಂಸಾರದ ಹೊಟ್ಟೆ ತುಂಬುತ್ತಿತ್ತು. ನೇಗಿಲು ಹೋಗದ ಇಳಿಜಾರಿನಲ್ಲೂ ಉದ್ದ ಹಿಡಿಯ ಸಲಿಕೆಯಿಂದ ಮಣ್ಣು ಮಗುಚಿ, ಕಡಲ ಪಾಚಿಯನ್ನು ಬೆನ್ನ ಮೇಲೆ ಹೊತ್ತು ತಂದು ಗೊಬ್ಬರ ಹಾಕಿ, ಎತ್ತರದ ಏರಿ ಕಟ್ಟಿ ಬೆಳೆಯುತ್ತಿದ್ದರು. ಅಕಿಲ್ ದ್ವೀಪದ ಸ್ಲೀವ್‌ಮೋರ್ ಬೆಟ್ಟದ ಬುಡದಲ್ಲಿ ಬಿಟ್ಟುಹೋದ ಹಳ್ಳಿಯೊಂದಿದೆ. ಸೂರಿಲ್ಲದ ಕಲ್ಲುಗೋಡೆಯ ಮನೆಗಳು ಸಾಲಾಗಿ ನಿಂತಿವೆ. ಸೂರ್ಯ ಇಳಿದಾಗ ನೋಡಿದರೆ ಅವುಗಳ ಸುತ್ತ ಆ ಏರಿಗಳ ನೆರಳು ಇವತ್ತಿಗೂ ಎದ್ದು ಕಾಣುತ್ತದೆ.

ರಂಡೇಲ್ ಬಗ್ಗೆ ಒಂದು ಪ್ರಸಿದ್ಧ ಕಥೆ ಇದೆ. ಹೇಳಿದವರು ಡೊನೆಗಲ್‌ನ ಗ್ವೀಡೋರ್ ಜಮೀನ್ದಾರ ಲಾರ್ಡ್ ಜಾರ್ಜ್ ಹಿಲ್. ಮೂವರು ಪಾಲುದಾರರು ಸೇರಿ ಒಂದು ಕುದುರೆ ಇಟ್ಟುಕೊಂಡಿದ್ದರಂತೆ. ಒಬ್ಬೊಬ್ಬರೂ ಒಂದೊಂದು ಕಾಲಿಗೆ ಲಾಳ ಹೊಡೆಸಿದರು. ನಾಲ್ಕನೆಯ ಕಾಲು ಯಾರದ್ದು? ಯಾರೂ ಒಪ್ಪಲಿಲ್ಲ, ಕುದುರೆ ಕುಂಟಿತು. ಅರ್ಧ ಎಕರೆಯ ಹೊಲಕ್ಕೆ 26 ಜನ ಹಕ್ಕುದಾರರು ಇದ್ದದ್ದನ್ನೂ, 32 ಕಡೆ ಚೂರುಚೂರು ಹೊಲ ಇದ್ದ ಒಬ್ಬ ಬಡವ ಬೇಸತ್ತು ಎಲ್ಲ ಬಿಟ್ಟುಕೊಟ್ಟದ್ದನ್ನೂ ಅವರೇ ಬರೆದಿದ್ದಾರೆ. ಕೇಳಿದರೆ ನಗು ಬರುತ್ತದೆ. ಆದರೆ ಹೇಳಿದ್ದು ಯಾರು ಅನ್ನುವುದನ್ನು ಮರೆಯಬೇಡಿ. ರಂಡೇಲ್ ಮುರಿದು, ಪ್ರತಿ ಒಕ್ಕಲಿಗೂ ಒಂದೇ ಕಡೆ ಚೌಕಟ್ಟಾದ ಜಮೀನು ಕೊಡಬೇಕೆಂದು ಹೊರಟ ಮಾಲೀಕ ಅವರು. ಪದ್ಧತಿ ಎಷ್ಟು ಹುಚ್ಚು ಅಂತ ತೋರಿಸುವುದು ಅವರಿಗೆ ಬೇಕಿತ್ತು.

ಜನ ಸುಲಭಕ್ಕೆ ಒಪ್ಪಲಿಲ್ಲ. ಹಗಲು ಹಾಕಿದ ಬೇಲಿಯನ್ನು ರಾತ್ರಿ ಕಿತ್ತರು. ಹೊಸ ಜಮೀನಿನ ನಡುವೆ ಒಂಟಿ ಮನೆ ಕಟ್ಟಿಕೊಂಡು ಇರುವುದು ಅವರಿಗೆ ಶಿಕ್ಷೆ ಅನ್ನಿಸಿತು. ಸಂಜೆ ಹರಟೆಗೆ ಎಲ್ಲಿ ಹೋಗುವುದು? ಆದರೂ ಮನೆ ಬದಲಾಯಿಸಲೇಬೇಕಾದಾಗ ಒಂದು ಚೆಂದದ ರೂಢಿ ಇತ್ತು. ಮನೆಯವನು ಒಬ್ಬ ಪಿಟೀಲು ಬಾರಿಸುವವನನ್ನು ಗೊತ್ತು ಮಾಡುತ್ತಿದ್ದ. ಅಕ್ಕಪಕ್ಕದವರೆಲ್ಲ ಮುಯ್ಯಾಳಾಗಿ ಬಂದು, ಪಿಟೀಲಿನ ಹಿಂದೆ ಕಲ್ಲು, ತೊಲೆ ಹೊತ್ತು, ಹೊಸ ಮನೆ ಎಬ್ಬಿಸಿ, ರಾತ್ರಿ ಕುಣಿದು ಹೋಗುತ್ತಿದ್ದರು.

ಗುಂಪಾಗಿ ಇದ್ದರೆ ಇನ್ನೊಂದು ಶಕ್ತಿಯೂ ಬರುತ್ತದೆ. ರಾಸ್‌ಕಾಮನ್ ಕೌಂಟಿಯ ಬ್ಯಾಲಿಕಿಲ್‌ಕ್ಲೈನ್ ಅನ್ನುವ ಟೌನ್‌ಲ್ಯಾಂಡ್ ನೋಡಿ. ಸುಮಾರು 600 ಎಕರೆ. ಜಮೀನು ಬ್ರಿಟಿಷ್ ರಾಜಮನೆತನದ್ದು, ಹತ್ತಿರದ ಸ್ಟ್ರೋಕ್ಸ್‌ಟೌನ್‌ನ ಮಹೋನ್ ಮನೆತನ ಅದನ್ನು ಗುತ್ತಿಗೆಗೆ ಹಿಡಿದಿತ್ತು. 1834ರಲ್ಲಿ ಗುತ್ತಿಗೆ ಮುಗಿಯಿತು. ಈಗ ಗೇಣಿ ಯಾರಿಗೆ ಕೊಡಬೇಕು? ಒಕ್ಕಲುಗಳು ಯಾರಿಗೂ ಕೊಡಲಿಲ್ಲ! ಮುಂದೆ ಸರ್ಕಾರಿ ಏಜೆಂಟರು ಬಂದರು, ನೋಟಿಸ್ ಬಂತು, ಪೊಲೀಸರು ಬಂದರು. ಒಕ್ಕಲುಗಳು ಅರ್ಜಿ ಮೇಲೆ ಅರ್ಜಿ ಬರೆಸಿದರು, ವಕೀಲರನ್ನು ಹಿಡಿದರು. ಹತ್ತು ವರ್ಷಕ್ಕೂ ಜಾಸ್ತಿ ಹೀಗೇ ನಡೆಯಿತು. ಗೇಣಿದಾರ ಅಂದರೆ ಪಾಪ, ತಲೆ ಬಗ್ಗಿಸಿ ನಿಂತವನು ಅನ್ನುವ ಚಿತ್ರ ನಮ್ಮ ತಲೆಯಲ್ಲಿದೆ. ಇವರು ಹಾಗಿರಲಿಲ್ಲ. ಯಾವ ಕಾಗದಕ್ಕೆ ಎಷ್ಟು ಬೆಲೆ ಅಂತ ಚೆನ್ನಾಗಿ ತಿಳಿದವರು.

1845ರಲ್ಲಿ ಆಲೂಗಡ್ಡೆಗೆ ಅಂಗಮಾರಿ ಬಿತ್ತು. 1847ರಲ್ಲಿ ಸರ್ಕಾರ ಬ್ಯಾಲಿಕಿಲ್‌ಕ್ಲೈನ್‌ನವರನ್ನು ಒಕ್ಕಲೆಬ್ಬಿಸಲು ಶುರು ಮಾಡಿತು. ಹಡಗಿನ ಖರ್ಚು ಸರ್ಕಾರದ್ದೇ. ಡಬ್ಲಿನ್, ಅಲ್ಲಿಂದ ಲಿವರ್‌ಪೂಲ್, ಅಲ್ಲಿಂದ ನ್ಯೂಯಾರ್ಕ್. 1848ರ ಹೊತ್ತಿಗೆ ಮನೆಗಳನ್ನು ನೆಲಸಮ ಮಾಡಿ ಆಗಿತ್ತು. ಹೋದವರಲ್ಲಿ ಕೆಲವರು ವರ್ಮಾಂಟ್ ರಾಜ್ಯದ ರಟ್ಲೆಂಡ್‌ನಲ್ಲಿ ನೆಲೆಯಾದರು, ಅಮೃತಶಿಲೆಯ ಗಣಿಗಳ ಊರು ಅದು. ಪಕ್ಕದ ಸ್ಟ್ರೋಕ್ಸ್‌ಟೌನ್ ಎಸ್ಟೇಟಿನ ಒಕ್ಕಲುಗಳ ಗತಿ ಇನ್ನೂ ಕೆಟ್ಟದು. 1847ರಲ್ಲಿ 1,490 ಜನ ಕಾಲುವೆ ದಂಡೆ ಹಿಡಿದು ಡಬ್ಲಿನ್‌ವರೆಗೆ ನಡೆದರು. ಕೆನಡಾಕ್ಕೆ ಹೋಗುವ ಹಡಗಿನಲ್ಲೂ ದಡ ಸೇರಿದ ಮೇಲೂ ಅವರಲ್ಲಿ ಬಹಳ ಮಂದಿ ಸತ್ತರು. ಅದೇ ವರ್ಷ ನವೆಂಬರ್‌ನಲ್ಲಿ ಮಾಲೀಕ ಡೆನಿಸ್ ಮಹೋನ್ ಅವರನ್ನು ದಾರಿಯಲ್ಲಿ ಗುಂಡಿಟ್ಟು ಕೊಂದರು. ಅವರ ಬಂಗಲೆಯಲ್ಲಿ ಈಗ ಬರಗಾಲದ ರಾಷ್ಟ್ರೀಯ ಮ್ಯೂಸಿಯಂ ಇದೆ.

ಇನ್ನೊಂದು ಕಾನೂನಿನ ಬಗ್ಗೆ ಹೇಳಲೇಬೇಕು. 1847ರಲ್ಲಿ ಬಂದ ನಿಯಮದ ಪ್ರಕಾರ ಕಾಲು ಎಕರೆಗಿಂತ ಜಾಸ್ತಿ ಜಮೀನು ಇಟ್ಟುಕೊಂಡವರಿಗೆ ಸರ್ಕಾರದ ಪರಿಹಾರ ಇಲ್ಲ. ಗಂಜಿ ಬೇಕಾ, ಜಮೀನು ಬಿಡು. ಬಿಟ್ಟರೆ ಮನೆಯೂ ಹೋಗುತ್ತದೆ. 1841ರಲ್ಲಿ ಒಂದೇ ಕೋಣೆಯ ಮಣ್ಣಿನ ಗುಡಿಸಲುಗಳು, ಗಣತಿಯವರ ಭಾಷೆಯಲ್ಲಿ ನಾಲ್ಕನೇ ದರ್ಜೆಯ ಮನೆಗಳು, ಸುಮಾರು 4.9 ಲಕ್ಷ ಇದ್ದವು. 1851ಕ್ಕೆ ಸುಮಾರು 1.35 ಲಕ್ಷ. ಗುಡಿಸಲು ಬಿಟ್ಟು ಜನ ದೊಡ್ಡ ಮನೆಗೆ ಹೋಗಲಿಲ್ಲ. ಗುಡಿಸಲಲ್ಲಿ ಇದ್ದವರೇ ಇಲ್ಲವಾದರು.

ಉಳಿದವರು ಒಂದು ಪಾಠ ಕಲಿತರು: ಹೊಲ ಇನ್ನು ಮೇಲೆ ತುಂಡು ಮಾಡಬಾರದು. ಮಾಲೀಕರೂ ಅದನ್ನೇ ಬಯಸಿದ್ದರು. ಎಷ್ಟು ಮಕ್ಕಳಿದ್ದರೂ ಜಮೀನು ಒಬ್ಬನಿಗೆ. ಅದು ಹಿರಿಯನಿಗೇ ಅಂತಲೂ ಇಲ್ಲ, ಅಪ್ಪ ಯಾರ ಹೆಸರು ಹೇಳಿದರೆ ಅವನಿಗೆ. ಯಾವಾಗ ಹೇಳುತ್ತಾನೆ? ಅದೇ ಸಮಸ್ಯೆ. ಅಪ್ಪನಿಗೆ ಎಪ್ಪತ್ತಾದರೂ ಯಜಮಾನಿಕೆ ಬಿಡಲು ಮನಸ್ಸಿಲ್ಲ. ನಲವತ್ತು ದಾಟಿದ ಮಗನನ್ನೂ ಊರಿನವರು 'ಹುಡುಗ' ಅಂತಲೇ ಕರೆಯುತ್ತಿದ್ದರು. ಯಾಕೆಂದರೆ ಅವನಿಗೆ ಮದುವೆಯಾಗಿಲ್ಲ, ಜಮೀನು ಕೈಗೆ ಬಂದಿಲ್ಲ.

ಮದುವೆ ಆಗುವಾಗ ಮೊದಲು ನಡೆಯುತ್ತಿದ್ದದ್ದು ಹೊಲದ ಮಾತುಕತೆ. ಹೆಣ್ಣಿನ ಅಪ್ಪ ಬಂದು ಗಂಡಿನ ಜಮೀನನ್ನು ನಡೆದು ನೋಡುತ್ತಿದ್ದ. ಎಷ್ಟು ದನ, ನೀರು ಎಲ್ಲಿ ನಿಲ್ಲುತ್ತದೆ, ಉರುವಲಿಗೆ ಕೆಸರುಮಣ್ಣು (ಒಣಗಿಸಿ ಸುಡುವ ಪೀಟ್) ಕಡಿಯಲು ಜಾಗ ಇದೆಯಾ, ರಸ್ತೆ ಎಷ್ಟು ದೂರ. ಅದರ ಮೇಲೆ ವರದಕ್ಷಿಣೆಯ ಚೌಕಾಸಿ. ಹೌದು, ವರದಕ್ಷಿಣೆ. ಆ ಹಣ ಗಂಡಿನ ಕೈಯಲ್ಲಿ ಉಳಿಯುತ್ತಿರಲಿಲ್ಲ. ಅವನ ತಂಗಿಯ ಮದುವೆಗೋ ತಮ್ಮನ ಹಡಗಿನ ಟಿಕೆಟ್ಟಿಗೋ ಹೋಗುತ್ತಿತ್ತು. ಆಮೇಲೆ ವಕೀಲರ ಮುಂದೆ ಪತ್ರ. ಅಪ್ಪ ಅಮ್ಮ ಜಮೀನು ಬರೆದುಕೊಡುತ್ತಾರೆ, ಬದಲಿಗೆ ತಮಗೆ ಬೇಕಾದದ್ದನ್ನು ಅದರಲ್ಲೇ ಬರೆಸಿಕೊಳ್ಳುತ್ತಾರೆ: ಮನೆಯ ಒಂದು ಕೋಣೆ, ಒಲೆಯ ಬಳಿ ಜಾಗ, ಒಂದು ಹಸುವಿಗೆ ಮೇವು, ಆಲೂಗಡ್ಡೆಯ ಕೆಲವು ಏರಿ, ಭಾನುವಾರ ಚರ್ಚಿಗೆ ಗಾಡಿ. ಹೆತ್ತವರು ಮಗನನ್ನು ನಂಬಲಿಲ್ಲ ಅಂತಲ್ಲ. ಸೊಸೆ ಹೇಗಿರುತ್ತಾಳೋ ಗೊತ್ತಿರಲಿಲ್ಲ. ಈ ಮಾತು ಕೇಳಿ ಇಲ್ಲಿ ಕೆಲವರು ನಗುತ್ತಿದ್ದೀರಿ. ನಗಿ, ಅವರೂ ನಗುತ್ತಿದ್ದರು.

ಈ ಸಂಸಾರಗಳನ್ನು ಹತ್ತಿರದಿಂದ ನೋಡಬೇಕೆಂದರೆ 1901 ಮತ್ತು 1911ರ ಜನಗಣತಿ ಹಾಳೆಗಳನ್ನು ನೋಡಬೇಕು. ಐರ್ಲೆಂಡಿನ ರಾಷ್ಟ್ರೀಯ ದಾಖಲೆ ಸಂಗ್ರಹದವರು ಅವನ್ನು ಇಂಟರ್ನೆಟ್‌ನಲ್ಲಿ ಉಚಿತವಾಗಿ ಇಟ್ಟಿದ್ದಾರೆ. ಕೌಂಟಿ ಆರಿಸಿ, ಟೌನ್‌ಲ್ಯಾಂಡ್ ಆರಿಸಿ, ಮನೆ ಆರಿಸಿ. ರಾತ್ರಿ ಹೊತ್ತು ಕೂತರೆ ಎದ್ದೇಳಲು ಮನಸ್ಸಾಗುವುದಿಲ್ಲ, ಎಚ್ಚರ! ಗಣತಿಗೆ ಬರುತ್ತಿದ್ದವರು ಪೊಲೀಸರು. ಮನೆಯವರ ಹೆಸರು, ವಯಸ್ಸು, ಓದು ಬರಹ, ಐರಿಷ್ ಭಾಷೆ ಬರುತ್ತದಾ, ಎಲ್ಲ ಒಂದು ಹಾಳೆಯಲ್ಲಿ. ಇನ್ನೊಂದರಲ್ಲಿ ಮನೆಗೆ ಅಂಕ. ಗೋಡೆ ಕಲ್ಲಿನದಾದರೆ 1, ಮಣ್ಣಿನದಾದರೆ 0. ಸೂರು ಹಂಚಿನದಾದರೆ 1, ಹುಲ್ಲಿನದಾದರೆ 0. ಕೋಣೆಗಳಿಗೆ ಅಂಕ, ಮುಂಭಾಗದ ಕಿಟಕಿಗಳಿಗೆ ಅಂಕ. ಎಲ್ಲ ಕೂಡಿಸಿ ದರ್ಜೆ. ಮೂರನೇ ಹಾಳೆಯಲ್ಲಿ ಕೊಟ್ಟಿಗೆ, ಹಂದಿ ಗೂಡು, ಕೋಳಿ ಗೂಡು, ಉರುವಲಿನ ಕೊಟ್ಟಿಗೆಗಳ ಎಣಿಕೆ. 1911ರಲ್ಲಿ ಮದುವೆಯಾದ ಹೆಂಗಸರಿಗೆ ಇನ್ನೊಂದು ಪ್ರಶ್ನೆ: ಹೆತ್ತ ಮಕ್ಕಳು ಎಷ್ಟು, ಈಗ ಬದುಕಿರುವವರು ಎಷ್ಟು? ಹೆತ್ತದ್ದು ಹತ್ತು, ಬದುಕಿರುವುದು ಎಂಟು, ಮನೆಯಲ್ಲಿ ಇರುವುದು ಇಬ್ಬರು. ಇಂಥ ಸಾಲು ಒಂದೆರಡಲ್ಲ. ಉಳಿದ ಆರು ಮಂದಿ ಎಲ್ಲಿ ಅಂತ ಹಾಳೆಯಲ್ಲಿ ಕಾಲಂ ಇಲ್ಲ.

1911ರಲ್ಲಿ 45 ದಾಟಿ 54ರೊಳಗಿದ್ದ ಗಂಡಸರಲ್ಲೂ ಹೆಂಗಸರಲ್ಲೂ ಹತ್ತಿರ ಹತ್ತಿರ ಕಾಲು ಭಾಗ ಮದುವೆಯೇ ಆಗದವರು. ಅಪ್ಪ ಜಮೀನು ಬಿಡದಿದ್ದರೆ ಮಗ ಕಾಯುತ್ತಾನೆ, ಅಣ್ಣ ಕಾದರೆ ತಂಗಿಯ ವರದಕ್ಷಿಣೆಯೂ ಕಾಯುತ್ತದೆ.

ಈ ಹಾಳೆಗಳಲ್ಲಿ ಒಂದು ತಮಾಷೆಯೂ ಇದೆ. 1901ರಲ್ಲಿ 55 ವರ್ಷ ಅಂತ ಬರೆಸಿದವರು 1911ರಲ್ಲಿ 71 ಅಂತ ಬರೆಸಿರುತ್ತಾರೆ! ಹತ್ತು ವರ್ಷದಲ್ಲಿ ಹದಿನಾರು ವರ್ಷ ಹೇಗೆ ಕಳೆಯಿತು? 1909ರ ಜನವರಿಯಿಂದ 70 ತುಂಬಿದವರಿಗೆ ವಾರಕ್ಕೆ 5 ಶಿಲ್ಲಿಂಗ್ ಪಿಂಚಣಿ ಶುರುವಾಗಿತ್ತು. ಎಲ್ಲರ ಜನನ ನೋಂದಣಿ ಶುರುವಾದದ್ದೇ 1864ರಲ್ಲಿ, ಹಾಗಾಗಿ ಮುದುಕರ ಬಳಿ ಸರ್ಟಿಫಿಕೇಟ್ ಇಲ್ಲ. 1839ರ ಜನವರಿ 6ರ ರಾತ್ರಿ ಐರ್ಲೆಂಡಿನಲ್ಲಿ ದೊಡ್ಡ ಬಿರುಗಾಳಿ ಎದ್ದಿತ್ತು. ಅದು ನೆನಪಿದೆ ಅಂದವರಿಗೆ 70 ಆಗಿದೆ ಅಂತ ಲೆಕ್ಕ. ಎಲ್ಲರಿಗೂ ನೆನಪಿತ್ತು. ಅನುಮಾನ ಬಂದರೆ 1841, 1851ರ ಗಣತಿ ಪುಸ್ತಕ ತೆಗೆದು ನೋಡುತ್ತಿದ್ದರು. ಆ ಪುಸ್ತಕಗಳಲ್ಲಿ ಬಹುಪಾಲು 1922ರಲ್ಲಿ ಡಬ್ಲಿನ್‌ನ ದಾಖಲೆ ಕಚೇರಿಗೆ ಬೆಂಕಿ ಬಿದ್ದಾಗ ಸುಟ್ಟುಹೋದವು. ಪಿಂಚಣಿಗಾಗಿ ಹುಡುಕಿ ಬರೆದುಕೊಂಡ ಚೀಟಿಗಳಿಂದಲೇ ಎಷ್ಟೋ ಬರಗಾಲದ ಮುಂಚಿನ ಸಂಸಾರಗಳ ವಿವರ ಇವತ್ತು ನಮಗೆ ಸಿಗುತ್ತಿದೆ.

ಜಮೀನು ಒಕ್ಕಲುಗಳ ಕೈಗೆ ಬಂದದ್ದನ್ನು ಬೇಗ ಹೇಳಿಬಿಡುತ್ತೇನೆ, ಯಾಕೆಂದರೆ ಇತಿಹಾಸದ ಪುಸ್ತಕಗಳಲ್ಲಿ ಇದೇ ಜಾಸ್ತಿ ಸಿಗುತ್ತದೆ. ಮೇಯೋ ಕೌಂಟಿಯ ಮೈಕೆಲ್ ಡೇವಿಟ್ ನಾಲ್ಕು ವರ್ಷದ ಮಗುವಾಗಿದ್ದಾಗ ಅವರ ಮನೆಯವರನ್ನು ಒಕ್ಕಲೆಬ್ಬಿಸಿದ್ದರು. ಇಂಗ್ಲೆಂಡಿನ ಹತ್ತಿಗಿರಣಿಯಲ್ಲಿ ಹನ್ನೊಂದನೇ ವಯಸ್ಸಿಗೆ ಬಲಗೈ ಕಳೆದುಕೊಂಡರು. 1879ರಲ್ಲಿ ಅವರು ಕಟ್ಟಿದ ಲ್ಯಾಂಡ್ ಲೀಗ್ ಒಕ್ಕಲುಗಳನ್ನು ಒಗ್ಗೂಡಿಸಿತು. 1881ರ ಕಾಯ್ದೆ ನ್ಯಾಯವಾದ ಗೇಣಿ, ಎಬ್ಬಿಸದಂತೆ ಭದ್ರತೆ, ಹಕ್ಕು ಮಾರುವ ಸ್ವಾತಂತ್ರ್ಯ ಕೊಟ್ಟಿತು. 1903ರ ಕಾಯ್ದೆಯಿಂದ ಸರ್ಕಾರವೇ ಸಾಲ ಕೊಟ್ಟು ಜಮೀನು ಕೊಳ್ಳಿಸಿತು. ಕಂತು ತೀರಿಸಲು 68 ವರ್ಷ ಆರು ತಿಂಗಳು! ಅಪ್ಪ ತೆಗೆದ ಸಾಲವನ್ನು ಮೊಮ್ಮಗ ತೀರಿಸಿದ.

ಇಲ್ಲಿ ಭಾರತದ ಎಳೆಯೂ ಒಂದಿದೆ. ಭಾರತದಲ್ಲಿ ಅಧಿಕಾರಿಯಾಗಿದ್ದ ಜಾರ್ಜ್ ಕ್ಯಾಂಪ್‌ಬೆಲ್ 1869ರಲ್ಲಿ ಐರ್ಲೆಂಡ್ ಸುತ್ತಿ ನೋಡಿದರು. ಭಾರತದಲ್ಲಿ ರೈತನ ರೂಢಿಯ ಹಕ್ಕಿಗೆ ಬೆಲೆ ಇದೆ, ಇಲ್ಲೂ ಹಾಗೇ ಇರಬೇಕು ಅಂತ ವಾದಿಸಿದರು. ಪ್ರಧಾನಿ ಗ್ಲ್ಯಾಡ್‌ಸ್ಟನ್ ಅದಕ್ಕೆ ಕಿವಿಗೊಟ್ಟರು. ಮುಂದೆ ಐರ್ಲೆಂಡಿನ ಚರ್ಚೆ ವಾಪಸ್ ಬಂದು 1885ರ ಬಂಗಾಳದ ಗೇಣಿ ಕಾಯ್ದೆಯ ಮೇಲೂ ಪ್ರಭಾವ ಬೀರಿತು.

ಹೊಲ ಸ್ವಂತದ್ದಾದ ಮೇಲೆ ಅದನ್ನು ಒಡೆಯಬಾರದು ಅನ್ನುವ ಹಠ ಇನ್ನೂ ಗಟ್ಟಿಯಾಯಿತು. ಭೂಸುಧಾರಣೆ ಒಳ್ಳೆಯದೇ, ಅನುಮಾನ ಬೇಡ. ಆದರೆ ಅದು ಉಳಿಸಿದ್ದು ಹಿಡುವಳಿಯನ್ನು, ಅದರಲ್ಲಿ ಹುಟ್ಟಿದ ಎಲ್ಲರನ್ನೂ ಅಲ್ಲ.

ಭಾಷಣದ ಕೊನೆಗೆ ಸಭೆಯಲ್ಲಿ ಇಬ್ಬರು ಪ್ರಶ್ನೆ ಕೇಳಿದರು. ಉತ್ತರಗಳನ್ನೂ ಇಲ್ಲೇ ಸೇರಿಸಿದ್ದೇನೆ.

ಮೊದಲನೆಯದು, ಟೌನ್‌ಲ್ಯಾಂಡ್‌ಗಳು ಈಗಲೂ ಬಳಕೆಯಲ್ಲಿ ಇವೆಯಾ ಅಂತ. ಇವೆ. ಹಳ್ಳಿ ಕಡೆ ವಿಳಾಸ ಅಂದರೆ ಹೆಸರು, ಟೌನ್‌ಲ್ಯಾಂಡ್, ಅಂಚೆ ಊರು, ಅಷ್ಟೇ. ಮನೆ ನಂಬರ್ ಇಲ್ಲ. ಒಂದೇ ಟೌನ್‌ಲ್ಯಾಂಡಿನಲ್ಲಿ ಒಂದೇ ಮನೆತನದ ಹೆಸರಿನ ನಾಲ್ಕು ಮನೆ ಇದ್ದರೆ ಅಂಚೆಯವನಿಗೆ ಎಲ್ಲರ ಅಪ್ಪ, ಅಜ್ಜನ ಹೆಸರೂ ಗೊತ್ತಿರಬೇಕು. 2015ರಲ್ಲಿ ಮನೆಮನೆಗೂ ಒಂದು ಕೋಡ್ ಬಂತು. ಬ್ರಿಟನ್ನಿನ ಕೈಯಲ್ಲೇ ಉಳಿದ ಉತ್ತರ ಐರ್ಲೆಂಡಿನಲ್ಲಿ 1970ರ ದಶಕದಲ್ಲಿ ಅಂಚೆ ಇಲಾಖೆ ಟೌನ್‌ಲ್ಯಾಂಡ್ ಹೆಸರು ಬಿಟ್ಟು ರಸ್ತೆ ಹೆಸರು, ನಂಬರ್ ತಂದಿತು. ಅಲ್ಲಿ ಜಗಳವಾಡುವ ಎರಡೂ ಪಂಗಡದವರು, ಅಂದರೆ ಕ್ಯಾಥೊಲಿಕರು ಮತ್ತು ಪ್ರಾಟೆಸ್ಟೆಂಟರು, ಒಟ್ಟಿಗೆ ನಿಂತು ವಿರೋಧಿಸಿದ ಕೆಲವೇ ವಿಷಯಗಳಲ್ಲಿ ಅದೂ ಒಂದು. ಫರ್ಮಾನಾ ಕೌಂಟಿ ಹಳೆಯ ಹೆಸರುಗಳನ್ನು ಉಳಿಸಿಕೊಂಡಿತು.

ಎರಡನೆಯದನ್ನು ಒಬ್ಬ ಹೆಣ್ಣುಮಗಳು ಕೇಳಿದರು: "ಹೆಣ್ಣುಮಕ್ಕಳಿಗೆ ಏನು ಸಿಕ್ಕಿತು?"

ಒಬ್ಬಳಿಗೆ ವರದಕ್ಷಿಣೆ, ಉಳಿದವರಿಗೆ ಹಡಗಿನ ಟಿಕೆಟ್. ಯುರೋಪಿನ ಬೇರೆ ಕಡೆಗಳಿಂದ ಅಮೆರಿಕಕ್ಕೆ ಹೋದವರಲ್ಲಿ ಗಂಡಸರೇ ಜಾಸ್ತಿ. ಐರ್ಲೆಂಡಿನಿಂದ ಹೋದವರಲ್ಲಿ ಹೆಚ್ಚು ಕಡಿಮೆ ಅರ್ಧದಷ್ಟು ಹೆಂಗಸರು, ಬಹಳ ಮಂದಿ ಮದುವೆಯಾಗದ ಹುಡುಗಿಯರು. ಬಾಸ್ಟನ್, ನ್ಯೂಯಾರ್ಕ್‌ನಲ್ಲಿ ಮನೆಗೆಲಸಕ್ಕೆ ಸೇರಿದರು. ಊಟ, ವಸತಿ ಯಜಮಾನರ ಮನೆಯಲ್ಲೇ, ಹಾಗಾಗಿ ಸಂಬಳ ಉಳಿಯುತ್ತಿತ್ತು. ಅದು ಕಾಗದದ ಜೊತೆ ಊರಿಗೆ ಬರುತ್ತಿತ್ತು. ಅದರಿಂದ ಗೇಣಿ ಕಟ್ಟಿದರು, ಅಂಗಡಿ ಸಾಲ ತೀರಿಸಿದರು, ಮುಂದಿನ ತಂಗಿಗೆ ಟಿಕೆಟ್ ತೆಗೆದರು. ಅಂದರೆ ಯಾರಿಗೆ ಹೊಲದಲ್ಲಿ ಪಾಲು ಇರಲಿಲ್ಲವೋ ಅವರ ದುಡ್ಡಿನಿಂದ ಹೊಲ ಉಳಿಯಿತು. ಇದು ಯಾವ ಪಹಣಿಯಲ್ಲೂ ಬರೆದಿಲ್ಲ.

ಹೆಂಡತಿಯ ಹಕ್ಕು ಬಂದದ್ದು ಇನ್ನೂ ತಡವಾಗಿ. 1965ರ ಉತ್ತರಾಧಿಕಾರ ಕಾಯ್ದೆಯವರೆಗೆ ಗಂಡ ಉಯಿಲಿನಲ್ಲಿ ಹೆಂಡತಿಗೆ ಏನೂ ಬಿಡದೆ ಹೋಗಬಹುದಿತ್ತು. ಈಗ ಉಯಿಲು ಏನೇ ಹೇಳಲಿ, ಮಕ್ಕಳಿದ್ದರೆ ಮೂರನೇ ಒಂದು ಭಾಗ, ಇಲ್ಲದಿದ್ದರೆ ಅರ್ಧ ಅವಳದ್ದು. ಮಕ್ಕಳಿಗೆ ಮಾತ್ರ ಇವತ್ತಿಗೂ ಇಂತಿಷ್ಟು ಅಂತ ಖಾತ್ರಿ ಪಾಲಿಲ್ಲ. ಉಯಿಲಿನಲ್ಲಿ ಬಿಟ್ಟುಹೋಗಿದ್ದರೆ ಕೋರ್ಟಿಗೆ ಹೋಗಿ ಕೇಳಬೇಕು. 2020ರ ಕೃಷಿ ಗಣತಿಯಲ್ಲಿ ಐರ್ಲೆಂಡ್ ಗಣರಾಜ್ಯದ ಹಿಡುವಳಿದಾರರಲ್ಲಿ ಹೆಂಗಸರು ಶೇ. 13ರಷ್ಟು ಮಾತ್ರ.